ದತ್ತ ಮಂಡಲದ ಮನ್ರೋ ಸಾಹೇಬರು: ಕಂದಾಯದ ಭಾರ ಯಾರ ಹೆಗಲಿಗೆ?



ಶರಣರ ಮತ್ತು ಪೂಜ್ಯರ ಚರಿತ್ರೆ ಬರುವ ಈ ಪುಟದಲ್ಲಿ ಪರಂಗಿ ಅಧಿಕಾರಿಯೊಬ್ಬರ ಚರಿತ್ರೆ ಏಕೆ ಎಂದು ಕೆಲವರು ಕೇಳಬಹುದು. ಪೆದ್ದಕಡುಬೂರು, ಕೋಸಿಗಿ, ಕೌತಾಳಂ, ಆದೋನಿ, ಆಲೂರು ಸೀಮೆಯ ನಮ್ಮ ಹಿರಿಯರ ಹೊಲಗಳಿಗೆ ಸರಪಳಿ ಹಿಡಿಸಿ ಕಂದಾಯ ಕಟ್ಟಿದವರು ಸರ್ ಥಾಮಸ್ ಮನ್ರೋ. ಅವರು ಕೊನೆಯುಸಿರೆಳೆದದ್ದೂ ನಮ್ಮ ನೆರೆಯ ಪತ್ತಿಕೊಂಡದಲ್ಲಿಯೇ. ಸರಕಾರದ ಭಾರವನ್ನು ಬಡವ ಎಷ್ಟು ಹೊರಬೇಕು, ಸಿರಿವಂತ ಎಷ್ಟು ಹೊರಬೇಕು ಎಂಬ ಪ್ರಶ್ನೆ ಅವರನ್ನು ಜೀವನವಿಡೀ ಬಿಡಲಿಲ್ಲ. ಆ ಪ್ರಶ್ನೆ ಇಂದಿಗೂ ತೀರಿಲ್ಲ. ಆದ್ದರಿಂದ ಅವರ ಜೀವನವನ್ನು ನಾವು ತಿಳಿಯುವುದು ಒಳ್ಳೆಯದು.

ಮನ್ರೋ ಅವರು 1761ರ ಮೇ 27ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಹುಟ್ಟಿದರು. ತಂದೆ ಅಮೆರಿಕದೊಡನೆ ತಂಬಾಕಿನ ವ್ಯಾಪಾರ ಮಾಡುತ್ತಿದ್ದ ವರ್ತಕರು. ಮಗನೂ ಕೆಲಕಾಲ ವ್ಯಾಪಾರದ ಕೋಠಿಯಲ್ಲಿ ಲೆಕ್ಕಪತ್ರದ ಕೆಲಸ ಕಲಿತರು. ಅಷ್ಟರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧ ಆರಂಭವಾಗಿ ತಂದೆಯ ವ್ಯಾಪಾರ ಮುಳುಗಿತು. ಮನೆ ಬಡತನಕ್ಕೆ ಬಿದ್ದ ಮೇಲೆ ಮನ್ರೋ ಕಂಪನಿ ಸರಕಾರದ ಸೈನ್ಯ ಸೇರಿ 1780ರಲ್ಲಿ ಮದರಾಸಿಗೆ ಬಂದಿಳಿದರು. ಹಿಂದೂಸ್ತಾನಿ, ಫಾರಸಿ ಕಲಿತರು. ಸಂಬಳದಲ್ಲಿ ಉಳಿಸಿ ತಂದೆತಾಯಿಗಳಿಗೆ ಹಣ ಕಳಿಸುತ್ತಿದ್ದರು. ಕೈಯಲ್ಲಿ ಕಾಸಿಲ್ಲದ ಸಂಸಾರ ಹೇಗಿರುತ್ತದೆಂಬುದನ್ನು ಅವರು ಸ್ವಂತ ಮನೆಯಲ್ಲೇ ಕಂಡಿದ್ದರು.

ಟಿಪ್ಪು ಸುಲ್ತಾನರಿಂದ 1792ರಲ್ಲಿ ಕಂಪನಿಗೆ ಬಂದ ಬಾರಾಮಹಲ್ ಸೀಮೆಯಲ್ಲಿ ಅಲೆಕ್ಸಾಂಡರ್ ರೀಡ್ ಎಂಬ ಅಧಿಕಾರಿಯ ಕೈಕೆಳಗೆ ಏಳು ವರ್ಷ ಕೆಲಸ ಮಾಡಿ ಮನ್ರೋ ಕಂದಾಯದ ವಿದ್ಯೆಯನ್ನು ಕಲಿತರು. ನಂತರ ಕೆಲಕಾಲ ಕನ್ನಡ ಜಿಲ್ಲೆಯಲ್ಲಿದ್ದರು. ಹೈದರಾಬಾದಿನ ನಿಜಾಮರು 1800ರ ಅಕ್ಟೋಬರ್ 12ರ ಒಪ್ಪಂದದಲ್ಲಿ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟರು. ಆದೋನಿಯೂ ಅದರಲ್ಲಿ ಸೇರಿತ್ತು. ಇದಕ್ಕೇ ದತ್ತ ಮಂಡಲವೆಂಬ ಹೆಸರು. ರಾಯಲಸೀಮೆ ಎಂಬ ಹೆಸರು ಬಂದದ್ದು 1928ರಲ್ಲಿ. ಈ ದೊಡ್ಡ ಪ್ರದೇಶಕ್ಕೆಲ್ಲ ಮನ್ರೋ ಮುಖ್ಯ ಕಲೆಕ್ಟರಾಗಿ ಬಂದರು.

ಅವರು ಬಂದಾಗ ನಾಡು ಹಾಳುಬಿದ್ದಿತ್ತು. ಸುಮಾರು 80 ಮಂದಿ ಪಾಳೆಯಗಾರರು ತಮ್ಮ ತಮ್ಮ ಕೋಟೆಗಳಲ್ಲಿ ಆಳು ಕಟ್ಟಿಕೊಂಡು ಕುಳಿತಿದ್ದರು. ರೈತರಿಂದ ಕೈಗೆ ಸಿಕ್ಕಷ್ಟು ಎಳೆಯುವರು, ಮೇಲಿನ ಸರಕಾರಕ್ಕೆ ಸಣ್ಣದೊಂದು ಕಪ್ಪ ಕೊಡುವರು, ಕೆಲವರು ಅದನ್ನೂ ಕೊಡುತ್ತಿರಲಿಲ್ಲ. ಊರಿಗೆ ಇಷ್ಟು ಎಂದು ಮೊತ್ತ ಹಾಕಿದರೆ ಅದನ್ನು ಹಂಚುವವರು ರೆಡ್ಡಿ ಮತ್ತು ಕರಣಂ. ಬಲವಿದ್ದವರ ಹೊಲ ಲೆಕ್ಕದಲ್ಲಿ ಕಿರಿದಾಗುತ್ತಿತ್ತು, ಬಲವಿಲ್ಲದವರ ಹೊಲ ಹಿರಿದಾಗುತ್ತಿತ್ತು. ಒಬ್ಬ ಕೊಡದೆ ಉಳಿಸಿಕೊಂಡದ್ದನ್ನು ಪಕ್ಕದವನೇ ತುಂಬಿಕೊಡಬೇಕಾಗಿತ್ತು.

ಮನ್ರೋ ಮೊದಲು ಪಾಳೆಯಗಾರರ ಕಪ್ಪವನ್ನು ಅವರ ಉತ್ಪನ್ನಕ್ಕೆ ತಕ್ಕಂತೆ ಏರಿಸಿದರು. ಒಪ್ಪದವರನ್ನು ಸೈನ್ಯದ ಬಲದಿಂದ ತೆಗೆದುಹಾಕಿದರು. ಅನಂತರ 1802ರಿಂದ ಅಳತೆಯ ಕೆಲಸ ಹಿಡಿದರು. 33 ಅಡಿ ಸರಪಳಿಯಿಂದ ಹೊಲಹೊಲವನ್ನೂ ಅಳೆಸಿದರು. 33 ಅಡಿ ಚೌಕಕ್ಕೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ ಎಂಬ ಲೆಕ್ಕ ಆ ಅಳತೆಯದೇ. ಖುಷ್ಕಿ, ತರಿ, ಬಾಗಾಯ್ತು ಎಂದು ದರ್ಜೆ ಮಾಡಿ, ಮಧ್ಯವರ್ತಿಯಿಲ್ಲದೆ ರೈತನ ಹೆಸರಿಗೇ ಪಟ್ಟಾ ಕೊಟ್ಟರು. ಇದೇ ರೈತವಾರಿ ಪದ್ಧತಿ. ಮನ್ರೋ ವರ್ಷಗಟ್ಟಲೆ ಡೇರೆಯಲ್ಲೇ ವಾಸವಾಗಿ ಊರೂರು ತಿರುಗುತ್ತಿದ್ದರು. ರೈತರು ನೇರವಾಗಿ ಅವರ ಡೇರೆಗೆ ಹೋಗಿ ಅಹವಾಲು ಹೇಳಿಕೊಳ್ಳಬಹುದಾಗಿತ್ತು.

ಬಂಗಾಳದಲ್ಲಿ 1793ರಲ್ಲೇ ಬೇರೆ ವ್ಯವಸ್ಥೆ ಬಂದಿತ್ತು. ಅಲ್ಲಿ ಜಮೀನ್ದಾರರು ಸರಕಾರಕ್ಕೆ ಕೊಡಬೇಕಾದ ಮೊತ್ತವನ್ನು ಶಾಶ್ವತವಾಗಿ ಗೊತ್ತುಮಾಡಲಾಗಿತ್ತು. ಕಾಲ ಕಳೆದಂತೆ ಅವರು ರೈತರಿಂದ ವಸೂಲು ಮಾಡುವ ಗೇಣಿ ಬೆಳೆಯಿತು, ಸರಕಾರಕ್ಕೆ ಕೊಡುವುದು ಅಷ್ಟೇ ಉಳಿಯಿತು. ಆಸ್ತಿ ದೊಡ್ಡದಾದಷ್ಟೂ ಕೊಡುವ ಪಾಲು ಸಣ್ಣದಾಗುತ್ತ ಹೋಯಿತು. ಮದರಾಸಿನ ಎಲ್ಲ ಸೀಮೆಗೂ ಅಂಥ ವ್ಯವಸ್ಥೆ ಬರಬಾರದೆಂದು ಮನ್ರೋ ಮೇಲಧಿಕಾರಿಗಳೊಡನೆ ವರ್ಷಗಳ ಕಾಲ ವಾದಿಸಿದರು.

ಇನಾಂ ಭೂಮಿಯ ವಿಚಾರವೂ ಎದ್ದಿತು. ದೇವಸ್ಥಾನ, ಮಠ, ಮಸೀದಿ, ಅಗ್ರಹಾರಗಳಿಗೆ ಹಿಂದಿನ ಅರಸರು ಕಂದಾಯವಿಲ್ಲದೆ ಬಿಟ್ಟ ಜಮೀನು ಈ ಸೀಮೆಯಲ್ಲಿ ಬಹಳವಿತ್ತು. ಅದರ ಜೊತೆಗೆ ಯಾವ ಸೇವೆಯನ್ನೂ ಮಾಡದೆ ಇನಾಂ ಹೆಸರಲ್ಲಿ ಕಂದಾಯ ತಪ್ಪಿಸಿಕೊಂಡವರೂ ಇದ್ದರು. ಇವುಗಳನ್ನೆಲ್ಲ ಪಟ್ಟಿ ಮಾಡಿ ವಿಚಾರಿಸುವ ಕೆಲಸ ನಡೆಯಿತು. ನಮ್ಮ ಮಗ್ಗುಲ ಮಂತ್ರಾಲಯದಲ್ಲಿ ಶ್ರೀ ರಾಘವೇಂದ್ರ ಸ್ವಾಮಿಗಳು ಬೃಂದಾವನದಿಂದ ಮನ್ರೋಗೆ ದರ್ಶನವಿತ್ತು ಮಾತನಾಡಿ, ಗ್ರಾಮದ ಇನಾಂ ಉಳಿಸಿದರೆಂಬ ನಂಬಿಕೆ ಎಲ್ಲರಿಗೂ ಗೊತ್ತಿದೆ. ಆ ಕಥೆಯ ಮೂಲದಲ್ಲಿರುವುದೂ ಕಂದಾಯದ ಪ್ರಶ್ನೆಯೇ. ಯಾರಿಗೆ ಮಾಫಿ, ಯಾತಕ್ಕಾಗಿ ಮಾಫಿ ಎಂಬುದನ್ನು ಕೇಳಲೇಬೇಕಾಗಿತ್ತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನು ಮುಚ್ಚಿಡಬಾರದು. ಮನ್ರೋ ಕಂಪನಿಯ ನೌಕರರು. ಅವರ ಏಳು ವರ್ಷಗಳಲ್ಲಿ ದತ್ತ ಮಂಡಲದ ಭೂಕಂದಾಯ ಸುಮಾರು ಒಂದೂವರೆ ಪಟ್ಟಾಯಿತು. ಆ ಹಣ ಕಂಪನಿಯ ಖಜಾನೆಗೆ ಹೋಯಿತೇ ಹೊರತು ನಮ್ಮ ಕೆರೆ ಕಾಲುವೆಗಳಿಗೆ ಬಂದದ್ದು ಕಡಿಮೆ. ಮಳೆ ಬರಲಿ ಬಿಡಲಿ, ಕಿಸ್ತು ಕಟ್ಟಬೇಕಾಗಿತ್ತು. ಪತ್ತಿಕೊಂಡ ಕಡೆಯ ತೆರ್ನೇಕಲ್ಲಿನ ಜನ 1801ರಲ್ಲಿ ಕಂದಾಯದ ವಿಷಯದಲ್ಲಿ ತಿರುಗಿಬಿದ್ದರು. ಸೈನ್ಯ ಹೋಗಿ ಅವರನ್ನು ಅಡಗಿಸಿತು.

ಆದರೆ ಮನ್ರೋ ತಮ್ಮದೇ ಲೆಕ್ಕವನ್ನು ಮತ್ತೆ ತಿರುವಿ ನೋಡಿದರು. ರೈತನ ಬೆಳೆಯಲ್ಲಿ ನೂರಕ್ಕೆ ಸುಮಾರು 45 ಪಾಲು ಸರಕಾರಕ್ಕೆ ಹೋಗುತ್ತಿತ್ತು. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆದರೆ ಭೂಮಿಗೆ ಬೆಲೆಯೇ ಬರುವುದಿಲ್ಲ, ರೈತ ಏಳುವುದಿಲ್ಲ ಎಂದು ಅವರಿಗೆ ಮನವರಿಕೆಯಾಯಿತು. 1807ರಲ್ಲಿ ಊರಿಗೆ ಹೊರಡುವ ಮುನ್ನ ಕಂದಾಯವನ್ನು ಶೇಕಡಾ 25ರಷ್ಟು ಇಳಿಸಬೇಕು, ಬಾವಿ ನೀರಿನ ಹಾಗೂ ಬಾಗಾಯ್ತು ಜಮೀನಿಗೆ ಇನ್ನೂ ಶೇಕಡಾ 8 ಇಳಿಸಬೇಕು ಎಂದು ಬರೆದರು. ಹೆಚ್ಚು ವಸೂಲು ಮಾಡಿದವನಿಗೆ ಹೊಗಳಿಕೆ ಸಿಗುವ ಕಾಲದಲ್ಲಿ ಒಬ್ಬ ಕಲೆಕ್ಟರು ಕಡಿಮೆ ಮಾಡಿರೆಂದು ಕೇಳಿದ್ದು ಸಣ್ಣ ಮಾತಲ್ಲ.

ಮೇಲಿನವರು ಒಪ್ಪಲಿಲ್ಲ. ಅವರು ಹೋದ ಮೇಲೆ ಊರುಗಳನ್ನು ಗುತ್ತಿಗೆಗೆ ಕೊಟ್ಟರು, ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. ಗುತ್ತಿಗೆ ಹಿಡಿದ ಎಷ್ಟೋ ಮಂದಿ ಕಟ್ಟಲಾರದೆ ದಿವಾಳಿಯಾದರು, ರೈತರು ಸೊರಗಿದರು. ಮನ್ರೋ 1814ರಲ್ಲಿ ಮರಳಿ ಬಂದರು. 1817-18ರ ಮರಾಠಾ ಯುದ್ಧದಲ್ಲಿ ಧಾರವಾಡ, ಬಾದಾಮಿ, ಬೆಳಗಾವಿಗಳನ್ನು ಹಿಡಿದರು. 1820ರಲ್ಲಿ ಮದರಾಸಿನ ಗವರ್ನರಾದರು. ಹದಿಮೂರು ವರ್ಷದ ಹಿಂದೆ ತಾವೇ ಕೇಳಿದ್ದ ಇಳಿಕೆ ಆಗ ದತ್ತ ಮಂಡಲದ ರೈತರಿಗೆ ಸಿಕ್ಕಿತು.

ಅಧಿಕಾರ ಬಿಟ್ಟು ಊರಿಗೆ ಹೋಗುವ ಮೊದಲು ಈ ಸೀಮೆಯನ್ನು ಕೊನೆಯ ಸಲ ನೋಡಬೇಕೆಂದು 1827ರಲ್ಲಿ ಸಂಚಾರ ಹೊರಟರು. ಬಿಡಾರದಲ್ಲಿ ಕಾಲರಾ ಕಾಣಿಸಿತು. ಜುಲೈ 6ರಂದು ಪತ್ತಿಕೊಂಡದಲ್ಲಿ ತೀರಿಕೊಂಡರು. ದೇಹವನ್ನು ಗುತ್ತಿಯಲ್ಲಿ ಮಣ್ಣು ಮಾಡಿ, 1831ರಲ್ಲಿ ಮದರಾಸಿಗೆ ಒಯ್ದರು. ಪತ್ತಿಕೊಂಡದಲ್ಲಿ ಅವರ ನೆನಪಿಗೆ ಮೆಟ್ಟಿಲ ಬಾವಿ ಕಟ್ಟಿಸಿ ತೋಪು ಬೆಳೆಸಿದರು. ಈ ಸೀಮೆಯಲ್ಲಿ ಮಕ್ಕಳಿಗೆ ಮುನ್ರೋಲಪ್ಪ ಎಂದು ಹೆಸರಿಟ್ಟವರೂ ಇದ್ದರು.

ಭಕ್ತರೇ, ಕಾಲ ಬದಲಾಗಿದೆ. ಸ್ವತಂತ್ರ ಭಾರತದಲ್ಲಿ ಸತ್ತವರು ಬಿಟ್ಟುಹೋದ ದೊಡ್ಡ ಆಸ್ತಿಯ ಮೇಲೆ 1953ರಿಂದ ಸುಂಕವಿತ್ತು, 1985ರಲ್ಲಿ ಅದನ್ನು ತೆಗೆದರು. 1957ರಲ್ಲಿ ಬಂದ ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ ರದ್ದು ಮಾಡಿದರು. ವಸೂಲಿಯ ಖರ್ಚು ಹೆಚ್ಚು, ಬರುವ ಹಣ ಕಡಿಮೆ ಎಂಬುದು ಸರಕಾರ ಕೊಟ್ಟ ಕಾರಣ. ಅದರ ಬದಲು ಕೋಟಿಗೆ ಮೀರಿದ ವರಮಾನದವರಿಗೆ ಸರ್‌ಚಾರ್ಜನ್ನು ಶೇಕಡಾ 2 ಹೆಚ್ಚಿಸಿದರು. ಆದರೆ ಡೀಸೆಲ್ಲು, ಸಾಬೂನು ಕೊಳ್ಳುವಾಗ ಎರಡೆಕರೆ ರೈತನೂ ಕೋಟ್ಯಧೀಶನೂ ಒಂದೇ ದರದ ತೆರಿಗೆ ಕೊಡುತ್ತಾರೆ. ದುಡಿದದ್ದನ್ನೆಲ್ಲ ಸಂಸಾರಕ್ಕೆ ಖರ್ಚು ಮಾಡುವವನಿಗೆ ಇದರ ಭಾರ ಹೆಚ್ಚು, ವರಮಾನದ ಬಹುಪಾಲನ್ನು ಕೂಡಿಡುವವನಿಗೆ ಕಡಿಮೆ. ಜಗತ್ತಿನ ಅತಿ ಶ್ರೀಮಂತರ ಸಂಪತ್ತಿನ ಮೇಲೆ ವರ್ಷಕ್ಕೆ ಕನಿಷ್ಠ ಶೇಕಡಾ 2 ತೆರಿಗೆ ಇರಲೆಂಬ ಪ್ರಸ್ತಾಪ 2024ರಲ್ಲಿ ಬ್ರೆಜಿಲಿನ ಮುಂದಾಳತ್ವದ ಜಿ-20 ದೇಶಗಳ ಮುಂದೆ ಬಂದಿತ್ತು. ಅಂಥ ತೆರಿಗೆಗೂ ಮೊದಲು ಸಂಪತ್ತನ್ನು ಅಳೆಯಬೇಕು. ಮನ್ರೋ ಹೊಲಕ್ಕೆ ಹಿಡಿಸಿದ ಸರಪಳಿ ಷೇರುಪತ್ರಗಳಿಗೆ, ಪರದೇಶದ ಖಾತೆಗಳಿಗೆ ಇನ್ನೂ ಸರಿಯಾಗಿ ಮುಟ್ಟಿಲ್ಲ.

ನಮ್ಮ ಮಟ್ಟಿಗೂ ಒಂದು ಮಾತು. ಕೃಷಿ ವರಮಾನಕ್ಕೆ ಆದಾಯ ತೆರಿಗೆ ಇಲ್ಲದಿರುವುದು ಮಳೆ ನಂಬಿದ ರೈತನಿಗಾಗಿ. ಅಂಗಡಿ, ಗಿರಣಿಯ ಲಾಭವನ್ನು ಹೊಲದ ಬೆಳೆಯೆಂದು ಬರೆಯುವುದು ಆ ರೈತನ ಹೆಸರನ್ನು ದುರುಪಯೋಗ ಮಾಡಿದಂತೆ. ಬಿಲ್ಲಿಲ್ಲದೆ ಮಾಲು ಮಾರಿ, ಉಳಿದದ್ದರಲ್ಲಿ ಮಠಕ್ಕೆ ಕಾಣಿಕೆ ಕೊಟ್ಟರೆ ಅದು ದಾಸೋಹವಾಗದು. ಬಸವಣ್ಣನವರು ಬಿಜ್ಜಳನ ಭಂಡಾರ ನೋಡಿಕೊಂಡವರು. ಸಾರ್ವಜನಿಕರ ಹಣದ ಶುದ್ಧಿಯನ್ನು ನಮಗೆ ಬೇರೆಯವರು ಕಲಿಸಬೇಕಾಗಿಲ್ಲ. ಧರ್ಮಸಂಸ್ಥೆಗಳ ಟ್ರಸ್ಟುಗಳಿಗೆ ಇಂದು ಇರುವ ತೆರಿಗೆ ವಿನಾಯಿತಿಯೂ ಒಂದು ಬಗೆಯ ಇನಾಮೇ. ಅನ್ನ, ಅಕ್ಷರದ ಸೇವೆ ನಡೆದರೆ ಮಾತ್ರ ಅದು ನ್ಯಾಯ. ಆದ್ದರಿಂದ ಮಠದ ಜಮಾಖರ್ಚನ್ನು ಕೇಳುವುದು ಪ್ರತಿಯೊಬ್ಬ ಭಕ್ತರ ಹಕ್ಕು. ಸಂಕೋಚಪಡದೆ ಕೇಳಿರಿ, ತಮ್ಮ ಲೆಕ್ಕವನ್ನೂ ಹಾಗೆಯೇ ಶುದ್ಧವಾಗಿ ಇಟ್ಟುಕೊಳ್ಳಿರಿ.



ಕಾರ್ಯದರ್ಶಿ, ಶ್ರೀಮಠ