ಅಳಿದವರ ಹೆಸರಿನಲ್ಲಿ ಉಳಿದವರ ಸೇವೆ

ಹುಟ್ಟಿದ ಜೀವಕ್ಕೆ ಸಾವು ತಪ್ಪಿದ್ದಲ್ಲ. ಶರಣರು ಅದಕ್ಕೆ ಅಂಜಲಿಲ್ಲ. ಸಂಸಾರಿಗಳಾದ ನಮ್ಮನ್ನು ಮಾತ್ರ ನಮ್ಮವರ ಅಗಲಿಕೆ ಹಣ್ಣುಮಾಡುತ್ತದೆ. ಆ ಭಾರ ಹೊತ್ತು ಬದುಕುವುದು ಹೇಗೆಂಬುದಕ್ಕೆ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಾಳು ನಮಗೊಂದು ಪಾಠ.

ಕಾಕನಕೋಟೆಯ ಕಾಡಿನಲ್ಲಿ ಖೆಡ್ಡಾ ನಡೆಸಿ ದೊಡ್ಡ ಅತಿಥಿಗಳನ್ನು ಬರಮಾಡಿಕೊಂಡ ಹತ್ತನೆಯ ಚಾಮರಾಜೇಂದ್ರ ಒಡೆಯರು ಅವರ ಪತಿ. 1894ರ ಡಿಸೆಂಬರ್ 28ರಂದು ದೂರದ ಕಲ್ಕತ್ತೆಯಲ್ಲಿ ಗಂಟಲಮಾರಿ ಆ ಅರಸರನ್ನು ಒಯ್ದಿತು. ಅವರಿಗೆ ಆಗ 31 ವರ್ಷ; ಮಹಾರಾಣಿಯವರಿಗೆ ಮೂವತ್ತೂ ತುಂಬಿರಲಿಲ್ಲ. ಹಿರಿಯ ಮಗ ಕೃಷ್ಣರಾಜರು ಹತ್ತು ವರ್ಷದ ಬಾಲಕ. ಅಂದಿನ ರೂಢಿಯಂತೆ ಒಳಮನೆ ಸೇರಿ ಕಣ್ಣೀರಿಡಬಹುದಿದ್ದ ತಾಯಿ, ಮಗನ ಪರವಾಗಿ 1902ರವರೆಗೆ ರಾಜ್ಯಭಾರ ಹೊತ್ತರು. 1898ರಲ್ಲಿ ಪ್ಲೇಗು ರಾಜ್ಯಕ್ಕೆ ಕಾಲಿಟ್ಟು ಮನೆಮನೆಯಲ್ಲಿ ಸಾವು ಕಂಡಿತು. ಅಂಥ ದಿನಗಳಲ್ಲೇ ಮಾರಿಕಣಿವೆಯ ಅಣೆಕಟ್ಟೆಯ ಕೆಲಸ ಮೊದಲಾಯಿತು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಯನ್ನು ಮುಟ್ಟಿತು.

ದುಃಖ ಅಷ್ಟಕ್ಕೇ ನಿಲ್ಲಲಿಲ್ಲ. ಮಗಳು ಕೃಷ್ಣಾಜಮ್ಮಣ್ಣಿಯವರು ಕ್ಷಯಕ್ಕೆ ತುತ್ತಾದರು. ಅವರ ಹೆಣ್ಣುಮಕ್ಕಳನ್ನೂ ಆ ರೋಗ ಬಿಡಲಿಲ್ಲ. ಅರಮನೆಯ ಸಿರಿ ಅಡ್ಡ ಬರಲಿಲ್ಲ. ಮುಂದೆ ಮಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಆ ಮಗಳ ಹೆಸರಿನಲ್ಲೇ ಮೈಸೂರಿನಲ್ಲಿ ಕ್ಷಯರೋಗಿಗಳ ಆಸ್ಪತ್ರೆ 1921ರಲ್ಲಿ ತೆರೆಯಿತು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯ ಹಿರಿಯರು ಪಿ.ಕೆ. ಸ್ಯಾನಿಟೋರಿಯಂ ಎನ್ನುವುದು ಅದನ್ನೇ. ಕ್ಷಯವನ್ನು ಗೆಲ್ಲುವ ಔಷಧ ಆಗಿನ್ನೂ ಬಂದಿರಲಿಲ್ಲ. ಒಳ್ಳೆಯ ಗಾಳಿ, ಬೆಳಕು, ಪುಷ್ಟಿಯ ಆಹಾರ, ವಿಶ್ರಾಂತಿ, ಆರೈಕೆ ಇಷ್ಟೇ ಕೊಡಲು ಸಾಧ್ಯವಿತ್ತು. ಗುಣವಾಗದವರನ್ನೂ ಕೈಬಿಡಬಾರದೆಂಬ ಧರ್ಮ ಅಲ್ಲಿತ್ತು.

1924ರ ಕಾವೇರಿ ನೆರೆಯಲ್ಲಿ ಎಡತೊರೆ ನೊಂದಾಗಲೂ ಅದೇ ಅರಸರ ಕಾಲದಲ್ಲಿ ಹೊಸ ಊರು ಎದ್ದಿತು. ಅದೇ ನಮ್ಮ ಕೃಷ್ಣರಾಜನಗರ. ಮಹಾರಾಣಿಯವರು 1934ರಲ್ಲಿ ಕಣ್ಮುಚ್ಚಿದರು.

ಇಂದು ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೇನು? ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ವೈದ್ಯರು ಹೇಳಿದೊಡನೆ ಹಿರಿಯರ ಹಾಸಿಗೆ ಮೂಲೆಗೆ ಸರಿಯುತ್ತದೆ. ಹೋದ ಮೇಲೆ ಸಾಲಮಾಡಿ ಶಿವಗಣಾರಾಧನೆಗೆ ಊರನ್ನೆಲ್ಲ ಕರೆಯುತ್ತೇವೆ. ಉಸಿರಿರುವಾಗ ಒಣಗಿದ ತುಟಿಗೆ ನೀರು ಹನಿಸುವುದು, ಮಗ್ಗುಲು ಹೊರಳಿಸುವುದು, ಕೈಹಿಡಿದು ಹತ್ತಿರ ಕೂರುವುದು, ಇದೂ ದಾಸೋಹವೇ. ಅಗಲಿದವರ ಹೆಸರಿನ ತುತ್ತು ಇನ್ನೊಬ್ಬ ರೋಗಿಯ ಬಾಯಿಗೆ ಬಿದ್ದರೆ ನಮ್ಮ ಶೋಕವೂ ಶಿವಪೂಜೆಯಾದೀತು.