ಪ್ರೋಟೀನ್ ಎಲ್ಲಾ ಒಂದೇನಾ? ಇಲಿಗಳಿಂದ ಉತ್ತರ ಪಡೆದ ಥಾಮಸ್ ಆಸ್ಬರ್ನ್

ಯಾವ ಆಹಾರದಿಂದ ಬಂದರೂ ಪ್ರೋಟೀನ್ ಪ್ರೋಟೀನೇ, ಗ್ರಾಂ ಲೆಕ್ಕ ಸರಿಯಿದ್ದರೆ ಸಾಕು ಎನ್ನುವ ಸಂದೇಶಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತವೆ. ಅದು ಪೂರ್ತಿ ನಿಜವಲ್ಲ ಎಂದು ನೂರು ವರ್ಷಕ್ಕೂ ಹಿಂದೆಯೇ ತೋರಿಸಿದವರಲ್ಲಿ ಅಮೆರಿಕದ ಥಾಮಸ್ ಬರ್ ಆಸ್ಬರ್ನ್ ಪ್ರಮುಖರು.

1859ರಲ್ಲಿ ನ್ಯೂ ಹೇವನ್‌ನಲ್ಲಿ ಹುಟ್ಟಿದ ಇವರು ಅಲ್ಲಿನ ಯೇಲ್‌ನಲ್ಲೇ ಓದಿ, 1886ರಲ್ಲಿ ಅದೇ ಊರಿನ ಕೃಷಿ ಪ್ರಯೋಗ ಕೇಂದ್ರ ಸೇರಿದರು. ನಿರ್ದೇಶಕ ಸ್ಯಾಮ್ಯುಯೆಲ್ ಜಾನ್ಸನ್ ಅವರ ಮಗಳನ್ನೇ ಮದುವೆಯಾದರು. ಬೀಜಗಳ ಪ್ರೋಟೀನ್ ಬೇರ್ಪಡಿಸುವ ಕೆಲಸ ಹಚ್ಚಿದ್ದೂ ಮಾವನವರೇ. ಎರಡು ದಶಕ ಅದನ್ನೇ ಮಾಡಿ, ಒಂದೊಂದು ಪ್ರೋಟೀನ್‌ನಲ್ಲೂ ಅಮೈನೊ ಆಮ್ಲಗಳ ಪ್ರಮಾಣ ಬೇರೆ ಎಂದು ಕಂಡುಕೊಂಡರು.

ಆ ವ್ಯತ್ಯಾಸ ದೇಹಕ್ಕೆ ತಿಳಿಯುತ್ತದೆಯೇ? 1909ರಿಂದ ಯೇಲ್‌ನ ಲಫಾಯೆಟ್ ಮೆಂಡೆಲ್ ಜೊತೆ ಇಲಿಗಳಿಗೆ ಉಣಿಸಿ ನೋಡಿದರು. ಮೆಕ್ಕೆಜೋಳದ ಜೀನ್ ಎಂಬ ಪ್ರೋಟೀನ್ ಒಂದನ್ನೇ ಕೊಟ್ಟಾಗ ಇಲಿಗಳು ತೂಕ ಕಳೆದುಕೊಂಡವು. ಅದಕ್ಕೆ ಟ್ರಿಪ್ಟೊಫ್ಯಾನ್ ಬೆರೆಸಿದರೆ ತೂಕ ನಿಂತಿತು, ಆದರೆ ಬೆಳವಣಿಗೆ ಇಲ್ಲ. ಲೈಸಿನ್ ಕೂಡ ಸೇರಿಸಿದ ಮೇಲೆಯೇ ಬೆಳೆದವು! (ಇಂಗ್ಲೆಂಡಿನ ಹಾಪ್ಕಿನ್ಸ್ ಇದರ ಮೊದಲ ಸುಳಿವನ್ನು 1906ರಲ್ಲೇ ಕೊಟ್ಟಿದ್ದರು ಅನ್ನುವುದನ್ನೂ ಹೇಳಬೇಕು.) ಗೋಧಿಯ ಗ್ಲಯಾಡಿನ್ ತಿಂದ ಇಲಿಗಳು ಬದುಕಿದ್ದವು, ಕುಳ್ಳಗೆ ಉಳಿದವು. ನಮಗೆ ಅತ್ಯಂತ ಅಚ್ಚರಿ ಅನ್ನಿಸುವುದು ಮುಂದಿನದು: ಹೀಗೆ ಬಹಳ ದಿನ ಬೆಳವಣಿಗೆ ನಿಂತಿದ್ದ ಇಲಿಗಳಿಗೆ ಒಳ್ಳೆಯ ಆಹಾರ ಕೊಟ್ಟಾಗ ಮತ್ತೆ ಬೆಳೆಯತೊಡಗಿದವು.

1913ರಲ್ಲಿ ಇವರಿಬ್ಬರೂ ಬೆಣ್ಣೆಯಲ್ಲಿರುವ ಎ ವಿಟಮಿನ್ ಪತ್ತೆಹಚ್ಚಿದರು. ಆದರೆ ಮೆಕಾಲಮ್ ಮತ್ತು ಡೇವಿಸ್ ಕೆಲವೇ ವಾರ ಮೊದಲು ವರದಿ ಕಳಿಸಿದ್ದರಿಂದ ಹೆಚ್ಚಿನ ಹೆಸರು ಅವರಿಗೆ ಹೋಯಿತು.

ಹಾಗಾದರೆ ಅಮೈನೊ ಆಮ್ಲದ ಪುಡಿ ತಂದು ಸುರಿದುಕೊಂಡರೆ ಆಯಿತೇ? ಇಲ್ಲ. ಆಸ್ಬರ್ನ್ ನಂತರದವರ ಪ್ರಯೋಗಗಳಲ್ಲಿ ಮೆಥಿಯೊನೀನ್ ಅತಿಯಾದಾಗ ಇಲಿಗಳು ತಿನ್ನುವುದನ್ನೇ ಕಡಿಮೆ ಮಾಡಿದವು, ಬೆಳವಣಿಗೆ ಕುಂಠಿತವಾಯಿತು. ಅದಕ್ಕೇ ಕೋಳಿ ಮೇವಿನಲ್ಲಿ ಮೆಕ್ಕೆಜೋಳದ ಜೊತೆ ಸೋಯಾ ಹಿಂಡಿ ಹಾಕಿ, ಕೊರತೆಯಾಗುವ ಲೈಸಿನ್, ಮೆಥಿಯೊನೀನ್ ಅನ್ನು ಅಳೆದು ಸೇರಿಸುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಅಳತೆ ಬೇಕಿಲ್ಲ. ಅಕ್ಕಿ, ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಬೇಳೆಕಾಳುಗಳಲ್ಲಿ ಧಾರಾಳವಾಗಿದೆ. ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನೀನ್ ಧಾನ್ಯದಿಂದ ಬರುತ್ತದೆ.

ಆಸ್ಬರ್ನ್ 1928ರವರೆಗೂ ಅದೇ ಕೇಂದ್ರದಲ್ಲಿ ದುಡಿದು, 1929ರ ಜನವರಿಯಲ್ಲಿ ತೀರಿಕೊಂಡರು.