ಅನ್ನರಸದ ಹಾದಿಯನ್ನು ಕಂಡ ಗಾಸ್ಪಾರೆ ಅಸೆಲ್ಲಿ

ಉಂಡ ಅನ್ನವು ರಕ್ತವನ್ನು ಸೇರುವುದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಅದು ಯಾವ ಮಾರ್ಗವಾಗಿ ಸೇರುವುದೆಂಬುದು ಬಹುಕಾಲ ಸ್ಪಷ್ಟವಾಗಿರಲಿಲ್ಲ. ಕರುಳಿನ ರಕ್ತನಾಳಗಳು ಅನ್ನರಸವನ್ನು ಹೀರಿ ಯಕೃತ್ತಿಗೆ ಒಯ್ಯುವುವೆಂದು ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನನು ಹೇಳಿದ್ದನು. ಯೂರೋಪಿನ ವೈದ್ಯರಿಗೆ ಶತಮಾನಗಳವರೆಗೆ ಅದೇ ಪ್ರಮಾಣವಾಗಿತ್ತು. ಇನ್ನೊಂದು ಹಾದಿಯೂ ಉಂಟೆಂದು ತೋರಿಸಿಕೊಟ್ಟವನು ಇಟಲಿಯ ಗಾಸ್ಪಾರೆ ಅಸೆಲ್ಲಿ.

ಸುಮಾರು 1581ರಲ್ಲಿ ಕ್ರೆಮೋನಾದಲ್ಲಿ ಜನಿಸಿದ ಅಸೆಲ್ಲಿಯು ಪಾವಿಯಾದಲ್ಲಿ ವ್ಯಾಸಂಗ ಮಾಡಿ, ಮಿಲಾನಿನಲ್ಲಿ ಶಸ್ತ್ರವೈದ್ಯನಾಗಿ ನೆಲೆಸಿದನು. 1622ನೆಯ ಜುಲೈ 23ರಂದು ಮಿತ್ರರ ಕೋರಿಕೆಯಂತೆ ಜೀವಂತ ನಾಯಿಯೊಂದನ್ನು ಸೀಳಿ, ಕೆಲವು ನರಗಳನ್ನೂ ವಪೆಯ ಚಲನೆಯನ್ನೂ ತೋರಿಸುತ್ತಿದ್ದನು. ಕರುಳನ್ನು ಪಕ್ಕಕ್ಕೆ ಸರಿಸಿದಾಗ ಅದರ ಪೊರೆಯ ಮೇಲೆ ಬಿಳಿಯ ಎಳೆಗಳು ಹರಡಿರುವುದು ಕಂಡಿತು. ನರಗಳೆಂದು ಮೊದಲು ಭಾವಿಸಿದನು. ಒಂದನ್ನು ಚುಚ್ಚಲು ಹಾಲಿನಂತಹ ದ್ರವವು ಒಸರಿತು. ಪ್ರಾಣ ಹೋಗುತ್ತಲೇ ಎಳೆಗಳೂ ಮರೆಯಾದವು.

ಮರುದಿನ ಇನ್ನೊಂದು ನಾಯಿಯನ್ನು ಪರೀಕ್ಷಿಸಿದಾಗ ಏನೂ ಕಾಣಲಿಲ್ಲ. ಆದರೂ ಅವನು ಧೃತಿಗೆಡದೆ ಕಾರಣವನ್ನು ವಿಚಾರಿಸಿದನು. ಮೊದಲನೆಯದು ಹೊಟ್ಟೆ ತುಂಬ ಉಂಡಿತ್ತು, ಎರಡನೆಯದು ಹಸಿದಿತ್ತು. ಮೂರನೆಯದಕ್ಕೆ ಆಹಾರವಿತ್ತು ಕೆಲವು ತಾಸುಗಳ ತರುವಾಯ ನೋಡಲು ಕ್ಷೀರನಾಳಗಳು ಮತ್ತೆ ಗೋಚರಿಸಿದವು. ಅರಿವಳಿಕೆಯೇ ಇಲ್ಲದ ಆ ಕಾಲದಲ್ಲಿ ಮೂಕಪ್ರಾಣಿಗಳು ಪಟ್ಟ ವೇದನೆಯನ್ನು ನೆನೆದರೆ ಮನ ಮರುಗುತ್ತದೆ. ಈ ಅರಿವಿನ ಹಿಂದೆ ಅವುಗಳ ಋಣವಿರುವುದನ್ನು ಮರೆಯಲಾಗದು.

ಅಸೆಲ್ಲಿಯೂ ಗೇಲನನ ಪ್ರಭಾವದಿಂದ ಪೂರ್ಣವಾಗಿ ಬಿಡಿಸಿಕೊಳ್ಳಲಿಲ್ಲ. ಈ ನಾಳಗಳೂ ಯಕೃತ್ತನ್ನೇ ಸೇರುವುವೆಂದು ತಿಳಿದನು. 1625ರಲ್ಲಿ ಅವನು ಮೃತನಾದ ಮೇಲೆ, 1627ರಲ್ಲಿ ಮಿತ್ರರು ಅವನ ಗ್ರಂಥವನ್ನು ವರ್ಣಚಿತ್ರಗಳೊಡನೆ ಪ್ರಕಟಿಸಿದರು. ಆ ರಸವು ಎದೆಯೊಳಗಿನ ನಾಳದ ಮೂಲಕ ಕೊರಳ ಬುಡದ ಸಿರೆಯನ್ನು ಸೇರುವುದೆಂದು ಫ್ರಾನ್ಸಿನ ಜಾನ್ ಪೆಕೆ 1651ರಲ್ಲಿ ಸಾರಿದನು.

ಗೇಲನನ ಮಾತಿನಲ್ಲಿಯೂ ಸತ್ಯಾಂಶವಿತ್ತೆಂದು ಈಗ ತಿಳಿದಿದೆ. ಪಿಷ್ಟವು ಸಕ್ಕರೆಯಾಗಿ, ಸಸಾರಜನಕವು ಬಹುಮಟ್ಟಿಗೆ ಅಮೈನೋ ಆಮ್ಲಗಳಾಗಿ ಒಡೆದು ರಕ್ತನಾಳಗಳಿಂದಲೇ ಯಕೃತ್ತಿಗೆ ಹೋಗುತ್ತವೆ. ಕೊಬ್ಬಿನ ಬಹುಭಾಗವು ಒಡೆದು, ಕರುಳಿನ ಗೋಡೆಯಲ್ಲಿ ಮರಳಿ ಕೂಡಿ, ಸೂಕ್ಷ್ಮ ಕಣಗಳಾಗಿ ಅಸೆಲ್ಲಿ ಕಂಡ ನಾಳಗಳಲ್ಲಿ ಹರಿಯುತ್ತದೆ. ಜೀರ್ಣವಾಗದ ಸಸಾರಜನಕವು ಅತ್ಯಲ್ಪ ಪ್ರಮಾಣದಲ್ಲಿ ಮಾತ್ರ ಗೋಡೆಯನ್ನು ದಾಟಬಲ್ಲುದು. 

ಮೊದಲ ದಿನ ಕಂಡದ್ದು ಆಕಸ್ಮಿಕ. ಮರುದಿನ ಏಕೆ ಕಾಣಲಿಲ್ಲವೆಂದು ಕೇಳಿದ್ದೇ ವಿದ್ಯೆ. ಕಲಿಸುವವರೂ ಕಲಿಯುವವರೂ ಅಸೆಲ್ಲಿಯ ಬಾಳಿನಿಂದ ಗ್ರಹಿಸಬೇಕಾದುದು ಇದನ್ನೇ.